ಸುಸ್ತಿಗೆ ಏನಾದರೂ ಕೊಡಿ

ಸಿದ್ದಾಪುರದ ಬಸ್ ನಿಲ್ದಾಣದ ಎದುರು
ನನ್ನದೊಂದು ಔಷಧಿ ಅಂಗಡಿ.
ಹತ್ತೊಂಬತ್ತು ವರ್ಷದಿಂದ ಒಂದೇ ಮಾತು
ಈ ಗಾಜಿನ ಮೇಜಿಗೆ ಮೊಣಕೈಯೂರಿ ನಿಲ್ಲುತ್ತದೆ:
"ಸುಸ್ತಿಗೆ ಏನಾದರೂ ಕೊಡಿ."

ಕೊಡುತ್ತೇನೆ.
ಕೆಂಪು ಡಬ್ಬಿಯದು, ಹಳದಿ ಸೀಸೆಯದು,
ನೀರಿಗೆ ಹಾಕಿದರೆ ಬುರುಬುರು ನಗುವಂಥದು.
ಚಿಲ್ಲರೆ ಎಣಿಸುವಾಗ ಮುಖ ನೋಡುವುದಿಲ್ಲ.
ನೋಡಿದರೆ ನನ್ನದೇ ಕಾಣುತ್ತದೆ.

ಜೂನ್‌ನಲ್ಲಿ ಶುರುವಾಯಿತು.
ಮಲಗಿ ಎದ್ದರೂ ಮಲಗದ ಹಾಗೆ.
ಮೈಯೆಂದರೆ ಒಲೆಯ ಮೇಲಿನ ಹಗ್ಗದಲ್ಲೂ
ಒಣಗದ ಕಂಬಳಿ.
ರಾತ್ರಿ ಹನ್ನೆರಡರ ತನಕ ಮೊಬೈಲು,
ಬೆಳಿಗ್ಗೆ ಮೂರು ಲೋಟ ಕಾಫಿ,
ಸಂಜೆ ಅಳು, ಈರುಳ್ಳಿಯ ನೆಪವೂ ಇಲ್ಲದೆ.
ಡಾಕ್ಟರು ರಕ್ತದ ಚೀಟಿ ಓದಿ
"ಎಲ್ಲ ಸರಿ ಇದೆಯಲ್ಲ" ಅಂದರು,
ಸುಳ್ಳು ಹೇಳಿ ಸಿಕ್ಕಿಬಿದ್ದೆನೇನೋ ಎಂಬಂತೆ.

ಕಕ್ಕಡ ಹದಿನೆಂಟರ ಮರುದಿನ
ಅಸ್ಸಾಮಿನ ಹುಡುಗ ರುಪಮ್ ಓಡಿ ಬಂದ, ಬೆವರುತ್ತ:
"ದೀದಿ, ಮೂತ್ರ ಕೆಂಪು!"
ನಿನ್ನೆ ಏನು ತಿಂದೆ? ಕೇಳಿದೆ.
ತೋಟದ ಬೋಜಮ್ಮ ಕೊಟ್ಟ ಪಾಯಸವಂತೆ,
ನೇರಳೆ ಬಣ್ಣದ್ದು, ಎರಡು ಬಟ್ಟಲು.
ಅಯ್ಯೋ ಮಾರಾಯಾ, ಅದು ಮದ್ದುಸೊಪ್ಪು!
ಊರಿಗೆ ಊರೇ ಇವತ್ತು ಕೆಂಪಗೇ ಹೋಗಿರುತ್ತದೆ.
ಅವನು ನಕ್ಕ. ನಾನೂ.
ಎಷ್ಟು ದಿನವಾಗಿತ್ತೋ, ಪಕ್ಕೆ ನೋಯಿತು.

ಆಮೇಲೊಂದು ಬುಧವಾರ. ಕರೆಂಟಿಲ್ಲ, ಇನ್‌ವರ್ಟರ್ ಸತ್ತಿದೆ.
ಆಟೋದ ಮೊಯ್ದು ಇಣುಕಿ,
"ಅಕ್ಕಾ, ಇದೇನು ಗುಹೆಯಾ? ಹೊರಗೆ ಬಿಸಿಲು ಬಂದಿದೆ!"
ಅಂದ, ಲಾಟರಿ ಹೊಡೆದವನ ಗತ್ತಿನಲ್ಲಿ.
ಹೊರಬಂದೆ.
ಇಡೀ ಪೇಟೆ ಬಿಸಿಲಿಗೆ ನಿಂತಿತ್ತು.
ಮೀನಿನವನು ಕತ್ತಿ ಕೆಳಗಿಟ್ಟು,
ಬ್ಯಾಂಕಿನವರು ಕನ್ನಡಕ ತೆಗೆದು,
ಕೊಡೆ ರಿಪೇರಿಯವನಂತೂ
ತನ್ನ ವ್ಯಾಪಾರದ ಶತ್ರುವಿಗೇ ಮುಖವೊಡ್ಡಿ, ಕಣ್ಣು ಮುಚ್ಚಿ.
ಯಾರೂ ಮಾತಾಡಲಿಲ್ಲ.
ಕತ್ತಿನ ಹಿಂದೆ ಯಾರೋ
ಬೆಚ್ಚನೆ ಅಂಗೈ ಇಟ್ಟ ಹಾಗಿತ್ತು.

ಅಲ್ಲಿಂದೀಚೆ ಮಾಡಿದ್ದು ದೊಡ್ಡದೇನಲ್ಲ.
ಹತ್ತು ಗಂಟೆಗೆ ಒಂದಿಷ್ಟು ಹೊತ್ತು ಜಗಲಿಯ ಮೇಲೆ.
ಮೊಬೈಲಿಗೆ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಹಾಸಿಗೆ.
ಮೂರನೆಯ ಲೋಟದ ಜಾಗಕ್ಕೆ ಬರೀ ನೀರು;
ಮೊದಲ ವಾರ ತಲೆ ಸಿಡಿಯಿತು, ಬೈದುಕೊಂಡೆ.
ಸಂಜೆ ಒಂದು ಸ್ಟಾಪು ಮೊದಲೇ ಇಳಿದು
ತೋಟದ ಬೇಲಿಗುಂಟ ನಡಿಗೆ.
ಆನೆ ಇದೆ ಅಂದ ದಿನ ಇಳಿಯುವುದಿಲ್ಲ.
ಒಮ್ಮೆ ತಿಳಿಯದೆ ಇಳಿದೆ.
ಆವತ್ತು ಓಡಿದ್ದು ಸೇರಿಸಿದರೆ
ಇಡೀ ವರ್ಷದ ವ್ಯಾಯಾಮ ಆಯಿತು ಅನ್ನುತ್ತಾನೆ ಮೊಯ್ದು.

ಹಗುರಾದೆ. ಹಗುರಾದವರಿಗೆ ಬರುವ ಕಾಯಿಲೆಯೂ ಬಂತು:
ಉಪದೇಶ.
ಮಾತ್ರೆ ಕೇಳಿದವರಿಗೆಲ್ಲ
"ಬಿಸಿಲಿಗೆ ನಿಲ್ಲಿ, ನಾಲ್ಕು ಹೆಜ್ಜೆ ನಡೀರಿ" ಅನ್ನತೊಡಗಿದೆ.

ಜನವರಿ. ಕಾಫಿ ಕುಯ್ಲು.
ಸಂಜೆ ಲೈನುಮನೆಯಿಂದ ಚೋಂದು ಬಂದಳು,
ಉಗುರಿನಲ್ಲಿ ಹಣ್ಣಿನ ಅಂಟು, ಕೂದಲಲ್ಲಿ ಕೆಂಪಿರುವೆ.
"ಸುಸ್ತಿಗೆ ಏನಾದರೂ ಕೊಡಿ."
"ದಿನಾ ಸ್ವಲ್ಪ ಬಿಸಿಲು..." ಅಂದವಳು
ನಾಲಗೆ ಕಚ್ಚಿಕೊಂಡೆ.
ಬೆಳಗಿನ ಏಳರಿಂದ ಬಿಸಿಲು ಅವಳ ಬೆನ್ನ ಮೇಲೇ ಇತ್ತು.
ಚೀಲ ಹೊತ್ತು ಕಣಕ್ಕೆ ಎಷ್ಟು ಸಲ ನಡೆದಳೋ,
ಲೆಕ್ಕ ಇಟ್ಟವನು ಮೇಸ್ತ್ರಿ, ಅದೂ ಕಿಲೋದಲ್ಲಿ.

ಒಳಗಿದ್ದ ನನ್ನ ಸ್ಟೂಲು ತಂದು
ನೆರಳಲ್ಲಿ ಹಾಕಿದೆ.
ಚೊಂಬಿನಲ್ಲಿ ನೀರು.
ಅವಳು ಮೊದಲು ಸ್ಟೂಲನ್ನು ನೋಡಿದಳು, ಆಮೇಲೆ ನನ್ನನ್ನು.
ಕೂತಳು.
ಮೂರು ಬಸ್ಸು ಬಂದು ಹೋದವು.
ನಾವು ಕೂದಲಿನ ಇರುವೆ ಹೆಕ್ಕಿದೆವು.

ಏಳುವಾಗ ಸೆರಗಿನ ಗಂಟು ಬಿಚ್ಚಲು ಹೋಗಿ
ಮತ್ತೆ ಬಿಗಿದಳು.
"ಮಾತ್ರೆ ನಾಳೆ ನೋಡುವ" ಅಂದಳು.

ಸ್ಟೂಲು ಒಳಗೆ ತರಲು ಮರೆತೇಬಿಟ್ಟೆ.
ಶಟರು ಇಳಿಸುವಾಗ
ಅದರ ಮೇಲೆ ಮೊಯ್ದು ಕೂತಿದ್ದ.